ಟೊಂಕದ ಎಲುಬು ಮುರಿದಾಗ: ಸ್ಕ್ರೂ, ಪ್ಲೇಟ್, ರಾಡ್, ಬಾಲ್, ಯಾವುದು ಯಾರಿಗೆ?

ರಾತ್ರಿ ಹನ್ನೊಂದೂವರೆ. ಕಲಬುರಗಿಯ ಒಂದು ಆಸ್ಪತ್ರೆಯ ಬಿಲ್ ಕೌಂಟರ್ ಮುಂದೆ ನನ್ನ ಕಾಕಾ ಆಯಿಯ ಆಧಾರ್ ಕಾರ್ಡ್ ಹಿಡಿದು ನಿಂತಿದ್ದರು. ಕೌಂಟರಿನ ಹುಡುಗ ಒಂದು ಚೀಟಿ ಮುಂದೆ ತಳ್ಳಿ ಕೇಳಿದ: "ಯಾವ ರಾಡ್ ಹಾಕಬೇಕ್ರಿ? ಸ್ಟೀಲಾ, ಟೈಟಾನಿಯಮ್ಮಾ, ಇಂಪೋರ್ಟೆಡ್ಡಾ?" ಚೀಟಿಯಲ್ಲಿ ಮೂರು ರೇಟು. ಕಾಕಾ ನನ್ನ ಮುಖ ನೋಡಿದರು.

ನಾನು ಫಿಸಿಯೋಥೆರಪಿಸ್ಟ್. ಟೊಂಕದ ಆಪರೇಶನ್ ಆದವರನ್ನು ಎಬ್ಬಿಸಿ ನಿಲ್ಲಿಸೋದು, ನಡೆಸೋದು ನನ್ನ ದಿನದ ಕೆಲಸ. ಆದರೂ ಸ್ವಂತ ಆಯಿ ಒಳಗೆ ನರಳುತ್ತಿರುವಾಗ ನನ್ನ ಕಣ್ಣೂ ಮೊದಲು ಆ ಮೂರು ರೇಟಿನ ಮೇಲೇ ಹೋಯಿತು. ಜಾಸ್ತಿ ದುಡ್ಡಿನದ್ದೇ ಒಳ್ಳೆಯದಿರಬೇಕು ಅಂತ ಮನಸ್ಸು ಹೇಳುತ್ತದೆ. ಆ ಹೊತ್ತಿನಲ್ಲಿ ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಅಲ್ವಾ? ಅಂಥ ಹೊತ್ತಿಗೆ ಕೈಯಲ್ಲಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಯಾವ ರಾಡ್, ಯಾವ ಕಂಪನಿ ಅನ್ನೋದು ಕಟ್ಟಕಡೆಯ ಪ್ರಶ್ನೆ. ಎಲುಬು ಎಲ್ಲಿ ಮುರಿದಿದೆ ಅನ್ನೋದು ಮೊದಲನೆಯದು. ಮುಕ್ಕಾಲು ಪಾಲು ಆಯ್ಕೆ ಅಲ್ಲೇ ಮುಗಿದುಹೋಗುತ್ತದೆ.

ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ

ತೊಡೆ ಎಲುಬಿನ ಮೇಲ್ತುದಿಯಲ್ಲಿ ಒಂದು ಗುಂಡು ಇರುತ್ತದೆ. ಅದು ಚಪ್ಪೆಯ ಬಟ್ಟಲಲ್ಲಿ ಕೂತಿರುತ್ತದೆ. ಗುಂಡಿನ ಕೆಳಗೆ ಸಣ್ಣ ಕುತ್ತಿಗೆ. ಕುತ್ತಿಗೆ ಮುಗಿದಲ್ಲಿ ಎರಡು ಉಬ್ಬು, ಹೊರಗಡೆ ದೊಡ್ಡದು, ಒಳಗಡೆ ಸಣ್ಣದು. ಡಾಕ್ಟರರು ಇವನ್ನು ಟ್ರೋಕ್ಯಾಂಟರ್ ಅನ್ನುತ್ತಾರೆ. ಅದರ ಕೆಳಗೆ ಉದ್ದನೆಯ ತೊಡೆ ಎಲುಬು.

ನಾವು "ಟೊಂಕ ಮುರದದ" ಅಂತ ಒಂದೇ ಮಾತಲ್ಲಿ ಹೇಳೋದು ಒಳಗೆ ಎರಡು ಬೇರೆ ಬೇರೆ ಕಾಯಿಲೆ. ಕುತ್ತಿಗೆಯಲ್ಲಿ ಮುರಿದದ್ದು ಒಂದು, ಉಬ್ಬುಗಳ ಹತ್ತಿರ ಮುರಿದದ್ದು ಇನ್ನೊಂದು.

ಫರಕು ಇರೋದು ರಕ್ತದಲ್ಲಿ. ಗುಂಡಿಗೆ ಹೋಗುವ ರಕ್ತನಾಳಗಳಲ್ಲಿ ಮುಖ್ಯವಾದವು ಕುತ್ತಿಗೆಗೆ ಅಂಟಿಕೊಂಡೇ ಮೇಲೆ ಹತ್ತುತ್ತವೆ. ಕುತ್ತಿಗೆ ಮುರಿದು ಸರಿದರೆ ಅವೂ ಹರಿಯುತ್ತವೆ. ನಾರಾಯಣಪುರದ ಕಾಲುವೆ ನಡುವೆ ಒಡೆದರೆ ಕೊನೆಯ ಹೊಲಕ್ಕೆ ನೀರು ಮುಟ್ಟೋದಿಲ್ಲ, ಹಾಗೇ ಇದು. ಗುಂಡು ಒಣಗುತ್ತದೆ. ಕೆಳಗಿನ ಉಬ್ಬುಗಳ ಜಾಗದಲ್ಲಿ ಈ ತೊಂದರೆ ಇಲ್ಲ. ಅಲ್ಲಿ ರಕ್ತ ಧಾರಾಳ, ಎಲುಬು ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಕೂಡುವ ತನಕ ಅದನ್ನು ಸರಿಯಾದ ಜಾಗದಲ್ಲಿ ಹಿಡಿದಿಡೋದೇ ಅಲ್ಲಿನ ಸವಾಲು.

ಹಾಗಾಗಿ ಡಾಕ್ಟರರ ಹತ್ತಿರ ಕೇಳಬೇಕಾದ ಮೊದಲ ಮಾತು: "ಸರ್, ಕುತ್ತಿಗೆಯಲ್ಲಿ ಮುರಿದಿದೆಯಾ, ಕೆಳಗೆ ಮುರಿದಿದೆಯಾ? ತುಂಡು ಸರಿದಿದೆಯಾ?" ಬಿಡುವಿಲ್ಲದ ಡಾಕ್ಟರರೂ ಇದಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಕೊಡಬಲ್ಲರು.

ಕುತ್ತಿಗೆಯಲ್ಲಿ ಮುರಿದಿದ್ದರೆ

ತುಂಡು ಸರಿದಿಲ್ಲ ಅಂದರೆ ಸಾಮಾನ್ಯವಾಗಿ ಮೂರು ಸ್ಕ್ರೂ. ನಡುವೆ ಟೊಳ್ಳಿರುವ ಉದ್ದನೆಯ ಸ್ಕ್ರೂಗಳಿವು. ಮೊದಲು ತೆಳ್ಳನೆಯ ತಂತಿ ತೂರಿಸಿ, ಸಿ-ಆರ್ಮ್ ಅಂದರೆ ಆಪರೇಶನ್ ನಡೆಯುವಾಗಲೇ ತೋರಿಸುವ ಎಕ್ಸ್‌ರೇಯಲ್ಲಿ ನೋಡಿ, ತಂತಿಯ ಮೇಲಿಂದ ಸ್ಕ್ರೂ ಕೂರಿಸುತ್ತಾರೆ. ಫಿಲ್ಮಿನಲ್ಲಿ ತಲೆಕೆಳಗಾದ ತ್ರಿಕೋನದ ಹಾಗೆ ಕಾಣುತ್ತವೆ. ಗಾಯ ಚಿಕ್ಕದು, ರಕ್ತ ಕಮ್ಮಿ ಹೋಗುತ್ತದೆ. ವಯಸ್ಸಾದವರ ದೇಹವೂ ಈ ಆಪರೇಶನ್ ತಡೆದುಕೊಳ್ಳುತ್ತದೆ.

ತುಂಡು ಸರಿದಿದ್ದರೆ ವಯಸ್ಸು ನೋಡಬೇಕು. ನಲವತ್ತು, ಐವತ್ತರ ಒಳಗಿನವರಿಗೆ ಅವರದೇ ಗುಂಡು ಉಳಿಸಲು ಡಾಕ್ಟರರು ಹೋರಾಡುತ್ತಾರೆ. ಬೇಗ ಜೋಡಿಸಿ ಸ್ಕ್ರೂ ಇಲ್ಲವೇ ಸ್ಕ್ರೂ-ಪ್ಲೇಟ್ (ಮುಂದೆ ಹೇಳುವ ಡಿಎಚ್‌ಎಸ್ ಥರದ್ದು) ಹಾಕುತ್ತಾರೆ. ಗುಂಡು ಉಳಿದೇ ಉಳಿಯುತ್ತದೆ ಅಂತ ಯಾರೂ ಬರೆದುಕೊಡಲಾರರು. ಶಹಾಪುರ ಕಡೆಯ ಒಬ್ಬರು ಬೈಕಿನಿಂದ ಬಿದ್ದು ಬಂದಿದ್ದರು, ವಯಸ್ಸು ನಲವತ್ತಾರು. ಮೂರು ಸ್ಕ್ರೂ ಹಾಕಿದರು. ನಾಲ್ಕು ತಿಂಗಳಿಗೆ ಚೆನ್ನಾಗಿ ನಡೆದರು, ಹೊಲಕ್ಕೂ ಹೋದರು. ಒಂದೂವರೆ ವರ್ಷಕ್ಕೆ ತೊಡೆ ಸಂದಿನಲ್ಲಿ ನೋವು ಶುರುವಾಯಿತು. ಗುಂಡು ಒಣಗಿ ಕುಸಿದಿತ್ತು. ಕೊನೆಗೆ ಕೀಲು ಬದಲಿಸಬೇಕಾಯಿತು. ಅವರು ನನ್ನನ್ನು ಕೇಳಿದರು: "ಮೊದಲೇ ಬದಲಿ ಮಾಡಿದ್ರ ಆಗ್ತಿರಲಿಲ್ಲೇನ್ರಿ?" ಇಲ್ಲ ಅಂದೆ. ನಲವತ್ತಾರಕ್ಕೆ ಹಾಕಿದ ಕೃತಕ ಕೀಲು ಮುಂದೆ ಸವೆದು ಮತ್ತೆ ಬದಲಿಸುವ ಸಂದರ್ಭ ಬರಬಹುದು. ಸ್ವಂತ ಗುಂಡು ಉಳಿಸಲು ನೋಡಿದ್ದು ತಪ್ಪಲ್ಲ. ಆದರೆ ಎರಡು ವರ್ಷದ ತನಕ ಆಗಾಗ ಎಕ್ಸ್‌ರೇ ತೆಗೆಸಬೇಕು ಅಂತ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದು ತಪ್ಪು.

ಸ್ಕ್ರೂ ಒಳ್ಳೆಯದಾ, ಸ್ಕ್ರೂ-ಪ್ಲೇಟ್ ಒಳ್ಳೆಯದಾ ಅಂತ ಹಲವು ದೇಶಗಳಲ್ಲಿ ಐವತ್ತು ದಾಟಿದ ಸಾವಿರಕ್ಕೂ ಹೆಚ್ಚು ಜನರಲ್ಲಿ ಹೋಲಿಸಿ ನೋಡಿದ ಫೇತ್ ಅನ್ನುವ ಅಧ್ಯಯನ 2017ರಲ್ಲಿ ಹೊರಬಂತು. ಎರಡು ವರ್ಷದಲ್ಲಿ ಮತ್ತೆ ಆಪರೇಶನ್ ಬೇಕಾದವರ ಪ್ರಮಾಣ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, ಐದರಲ್ಲಿ ಒಬ್ಬರು. ಬೀಡಿ ಸಿಗರೇಟು ಸೇದುವವರಲ್ಲಿ, ಕುತ್ತಿಗೆಯ ಬುಡದಲ್ಲಿ ಮುರಿದವರಲ್ಲಿ ಸ್ಕ್ರೂ-ಪ್ಲೇಟ್ ಸ್ವಲ್ಪ ಮೇಲು ಅಂತ ಕಂಡಿತು. ನಿಮ್ಮ ಮನೆಯವರು ಬೀಡಿ ಸೇದುತ್ತಿದ್ದರೆ ಡಾಕ್ಟರರಿಗೆ ಮುಚ್ಚಿಡಬೇಡಿ. ಬೀಡಿಯಿಂದ ಎಲುಬು ಕೂಡೋದೂ ತಡವಾಗುತ್ತದೆ.

ಇನ್ನು ಅರವತ್ತೈದು ಎಪ್ಪತ್ತು ದಾಟಿದವರಿಗೆ ಕುತ್ತಿಗೆ ಮುರಿದು ಪೂರ್ತಿ ಸರಿದಿದ್ದರೆ ಜೋಡಿಸೋದು ಬಿಟ್ಟು ಗುಂಡನ್ನೇ ಬದಲಿಸುವುದು ಒಳ್ಳೆಯದು. ನಮ್ಮ ಜನ ಇದಕ್ಕೆ "ಬಾಲ್ ಬದಲಿ" ಅನ್ನುತ್ತಾರೆ. ಗುಂಡು ಮಾತ್ರ ಬದಲಿಸುವ ಬೈಪೋಲಾರ್ ಒಂದು, ಬಟ್ಟಲನ್ನೂ ಬದಲಿಸುವ ಪೂರ್ತಿ ಕೀಲು ಇನ್ನೊಂದು. ಹೊಲ ಮನೆ ಅಂತ ಓಡಾಡಿಕೊಂಡಿದ್ದ ಗಟ್ಟಿ ಜೀವಕ್ಕೆ ಪೂರ್ತಿ ಕೀಲು ಹೇಳುತ್ತಾರೆ. ಮನೆಯೊಳಗಷ್ಟೇ ಓಡಾಡುವವರಿಗೆ ಬೈಪೋಲಾರ್ ಸಾಕು. ಎರಡರ ನಡುವೆ ತಲೆ ಕೆಡಿಸಿಕೊಳ್ಳುವಷ್ಟು ಅಂತರ ಇಲ್ಲ ಅಂತ 2019ರ ದೊಡ್ಡ ಅಧ್ಯಯನವೊಂದು ತೋರಿಸಿದೆ. ಬಾಲ್ ಬದಲಿಯ ದೊಡ್ಡ ಲಾಭ ಅಂದರೆ ಮರುದಿನವೇ ಪೂರ್ತಿ ಭಾರ ಹಾಕಿ ನಿಲ್ಲಬಹುದು, ಎಲುಬು ಕೂಡಲಿ ಅಂತ ಕಾಯಬೇಕಾಗಿಲ್ಲ. ಒಂದು ಕಷ್ಟ ಇದೆ. ಕುಕ್ಕರಗಾಲಲ್ಲಿ ಕೂತರೆ, ನೆಲದ ಮೇಲೆ ಕಾಲು ಮಡಚಿದರೆ ಕೀಲು ತಪ್ಪಿ ಹೊರಬರಬಹುದು, ಅದರಲ್ಲೂ ಮೊದಲ ತಿಂಗಳುಗಳಲ್ಲಿ. ನೆಲದ ಮೇಲೆ ಕೂತು ರೊಟ್ಟಿ ತಟ್ಟುವ, ಊಟ ಮಾಡುವ ನಮ್ಮ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಆಪರೇಶನ್ನಿಗೆ ಮೊದಲೇ ಕಮೋಡ್ ಕುರ್ಚಿಗೆ ಹೇಳಿಬಿಡಿ.

ಇಲ್ಲಿ ನನ್ನ ಮಾತು ನೇರ. ಎಂಬತ್ತರ ಆಯಿಗೆ ಕುತ್ತಿಗೆ ಮುರಿದು ಪೂರ್ತಿ ಸರಿದಿರುವಾಗ "ಸ್ಕ್ರೂ ಹಾಕಿ ನೋಡೋಣ, ಖರ್ಚು ಕಮ್ಮಿ" ಅಂದರೆ ಒಪ್ಪುವ ಮೊದಲು ಇನ್ನೊಬ್ಬ ಮೂಳೆ ಡಾಕ್ಟರರಿಗೆ ಎಕ್ಸ್‌ರೇ ತೋರಿಸಿ. ಅದು ಕೈಕೊಟ್ಟರೆ ಎರಡನೇ ಆಪರೇಶನ್ ತಪ್ಪಿದ್ದಲ್ಲ, ಆ ವಯಸ್ಸಿಗೆ ಎರಡನೆಯದು ಬಹಳ ಭಾರ.

ಉಬ್ಬುಗಳ ಹತ್ತಿರ ಮುರಿದಿದ್ದರೆ

ನಮ್ಮ ಆಯಿಯದು ಇದೇ. ಇಲ್ಲಿರೋದು ಮುಖ್ಯವಾಗಿ ಎರಡು ದಾರಿ. ಹೊರಗಿಂದ ಪ್ಲೇಟ್, ಇಲ್ಲವೇ ಒಳಗಿಂದ ರಾಡ್.

ಪ್ಲೇಟಿಗೆ ಡಿಎಚ್‌ಎಸ್ ಅನ್ನುತ್ತಾರೆ. ಗುಂಡಿನ ಒಳಗೆ ಒಂದು ದಪ್ಪ ಸ್ಕ್ರೂ. ಅದು ಪ್ಲೇಟಿನ ಕೊಳವೆಯೊಳಗೆ ಜಾರುವಂತಿರುತ್ತದೆ, ಹಳೇ ರೇಡಿಯೋದ ಏಂಟೆನಾ ಒಂದರೊಳಗೊಂದು ಜಾರಿದ ಹಾಗೆ. ಭಾರ ಬಿದ್ದಾಗ ತುಂಡುಗಳು ಒಂದಕ್ಕೊಂದು ಒತ್ತಿಕೊಂಡು ಕೂಡುತ್ತವೆ. ಪ್ಲೇಟನ್ನು ತೊಡೆಯ ಹೊರಬದಿಗೆ ಸ್ಕ್ರೂಗಳಿಂದ ಬಿಗಿಯುತ್ತಾರೆ. ಎಷ್ಟೋ ದಶಕಗಳಿಂದ ನಡೆದುಬಂದ, ನಂಬಬಹುದಾದ, ದುಡ್ಡೂ ಕಮ್ಮಿ ಇರುವ ವಿಧಾನ. ಗಾಯ ಮಾತ್ರ ಸ್ವಲ್ಪ ಉದ್ದ.

ರಾಡಿಗೆ ಪಿಎಫ್‌ಎನ್ ಅನ್ನುತ್ತಾರೆ. ದೊಡ್ಡ ಉಬ್ಬಿನ ತುದಿಯಿಂದ ಎಲುಬಿನ ಟೊಳ್ಳಿನೊಳಗೆ ಇಳಿಸುತ್ತಾರೆ. ಗಿಡ್ಡದು ಹೆಚ್ಚುಕಮ್ಮಿ ಒಂದು ಗೇಣು, ಉದ್ದನೆಯದು ಮಂಡಿಯ ಹತ್ತಿರದ ತನಕ ಹೋಗುತ್ತದೆ. ಅದರ ಮೂಲಕ ಗುಂಡಿನೊಳಗೆ ಎರಡು ಸ್ಕ್ರೂ ಹೋಗುತ್ತವೆ. ಪಿಎಫ್‌ಎನ್‌ಎ ಅನ್ನೋದರಲ್ಲಿ ಎರಡು ಸ್ಕ್ರೂ ಬದಲು ತಿರುಚಿದ ಒಂದೇ ಬ್ಲೇಡ್. ಟೊಳ್ಳಾದ ಎಲುಬನ್ನು ಕೊರೆದು ತೆಗೆಯುವ ಬದಲು ಒತ್ತಿ ಗಟ್ಟಿ ಮಾಡಿಕೊಂಡು ಒಳಹೋಗುತ್ತದೆ. ಅದಕ್ಕೇ ವಯಸ್ಸಾದವರಲ್ಲಿ ಇದನ್ನು ಜಾಸ್ತಿ ಬಳಸುತ್ತಾರೆ. ರಾಡ್ ಎಲುಬಿನ ನಡುವೆಯೇ ಇರೋದರಿಂದ ದೇಹದ ಭಾರದ ಗೆರೆಗೆ ಹತ್ತಿರ. ಬಗ್ಗಿಸುವ ಒತ್ತಡ ಅದರ ಮೇಲೆ ಕಮ್ಮಿ ಬೀಳುತ್ತದೆ.

ಹಾಗಾದರೆ ಯಾವುದು? ಮುರಿತ ಸರಳವಾಗಿದ್ದು, ಎರಡೇ ತುಂಡಾಗಿದ್ದು, ಎಲುಬಿನ ಹೊರಬದಿಯ ಗೋಡೆ ಗಟ್ಟಿಯಿದ್ದರೆ ಪ್ಲೇಟ್ ಸಾಕು. ರಾಡ್ ಹಾಕಿದರೂ ಫಲ ಹೆಚ್ಚುಕಮ್ಮಿ ಒಂದೇ. ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲಿ ಕೊಟ್ಟ ಮಾರ್ಗಸೂಚಿಯೂ ಉಬ್ಬುಗಳ ಮಟ್ಟದ ಸಾಮಾನ್ಯ ಮುರಿತಗಳಿಗೆ ಪ್ಲೇಟ್, ಅದಕ್ಕಿಂತ ಕೆಳಗಿನ ಮುರಿತಕ್ಕೆ ರಾಡ್ ಅಂದಿತು. ನಮ್ಮ ಕಡೆ ಈಗ ಬಹಳ ಡಾಕ್ಟರರು ಸರಳ ಮುರಿತಕ್ಕೂ ರಾಡನ್ನೇ ಹಾಕುತ್ತಾರೆ. ಕೈ ಪಳಗಿದ್ದರೆ ಅದೂ ಸರಿಯೇ. ಆದರೆ "ಪ್ಲೇಟ್ ಹಳೇದು, ಹಾಕಿಸಬ್ಯಾಡ್ರಿ" ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ.

ಪ್ಲೇಟ್ ಸಾಲದ ಕಡೆಗಳೂ ಇವೆ, ಅಲ್ಲಿ ಹಟ ಮಾಡಬಾರದು. ಒಳಗಿನ ಸಣ್ಣ ಉಬ್ಬು ದೊಡ್ಡ ತುಂಡಾಗಿ ಕಿತ್ತು ಬಂದಿದ್ದರೆ, ಹೊರಗಿನ ಗೋಡೆ ಒಡೆದಿದ್ದರೆ, ಮುರಿತದ ಗೆರೆ ತಿರುಗಾಮುರುಗಾ ಅಂದರೆ ಒಳಗಿಂದ ಹೊರಕ್ಕೆ ಇಳಿಜಾರಾಗಿದ್ದರೆ, ಇಲ್ಲವೇ ಮುರಿತ ಉಬ್ಬುಗಳಿಗಿಂತ ಕೆಳಗೆ ಇಳಿದಿದ್ದರೆ ರಾಡೇ ಬೇಕು. ಅಂಥ ಕಡೆ ಪ್ಲೇಟ್ ಹಾಕಿದರೆ ತುಂಡು ಜಾರುತ್ತಾ ಹೋಗಿ ಕಾಲು ಗಿಡ್ಡಾಗುತ್ತದೆ, ಇಲ್ಲವೇ ಸ್ಕ್ರೂ ಕಿತ್ತುಬರುತ್ತದೆ. ಕಾಲು ಒಂದು ಇಂಚು ಗಿಡ್ಡಾದವರನ್ನು ನಡೆಸುವಾಗ ಚಪ್ಪಲಿಯ ಕೆಳಗೆ ಪದರ ಅಂಟಿಸಿ ಸರಿದೂಗಿಸಬೇಕಾಗುತ್ತದೆ. ಹಾಗೆ ನಡೆಯುವವರ ಮುಖ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ರಾಡಿಗೂ ಅದರದೇ ತೊಂದರೆಗಳಿವೆ. ಎರಡು ಸ್ಕ್ರೂ ಇರುವ ರಾಡಿನಲ್ಲಿ ಒಂದು ಒಳಕ್ಕೆ ಚುಚ್ಚಿಕೊಂಡು ಹೋಗಿ ಇನ್ನೊಂದು ಹೊರಕ್ಕೆ ಜಾರುವುದುಂಟು. ಮತ್ತೆ ಬಿದ್ದರೆ ಗಿಡ್ಡ ರಾಡಿನ ತುದಿಯ ಹತ್ತಿರ ಎಲುಬು ಮುರಿಯಬಹುದು.

ಕಂಪನಿಗಿಂತ ನೂರು ಪಾಲು ಮುಖ್ಯವಾದ ಒಂದು ಅಳತೆ ಇದೆ. ಗುಂಡಿನೊಳಗೆ ಹೋದ ಸ್ಕ್ರೂವಿನ ತುದಿ ಗುಂಡಿನ ನೆತ್ತಿಯಿಂದ ಎಷ್ಟು ದೂರ ನಿಂತಿದೆ ಅನ್ನೋದು. ಮುಂದಿನಿಂದ ತೆಗೆದ ಎಕ್ಸ್‌ರೇ, ಪಕ್ಕದಿಂದ ತೆಗೆದ ಎಕ್ಸ್‌ರೇ, ಎರಡರಲ್ಲೂ ಅಳೆದು ಕೂಡಿಸಬೇಕು. 25 ಮಿಲಿಮೀಟರ್ ಒಳಗಿರಬೇಕು. 1995ರಲ್ಲಿ ಅಮೆರಿಕದ ಡಾಕ್ಟರರು ಇದನ್ನು ತೋರಿಸಿಕೊಟ್ಟರು. ಅವರು ನೋಡಿದವರಲ್ಲಿ ಈ ಅಳತೆ 25ರ ಒಳಗಿದ್ದ ಒಬ್ಬರಲ್ಲೂ ಸ್ಕ್ರೂ ಗುಂಡನ್ನು ಸೀಳಿ ಹೊರಬರಲಿಲ್ಲ. ಆಪರೇಶನ್ ಆದಮೇಲೆ ತೆಗೆದ ಫಿಲ್ಮ್ ಹಿಡಿದು "ಸರ್, ತುದಿಯ ಅಂತರ ಎಷ್ಟಿದೆ?" ಅಂತ ಕೇಳಿ. ಆಯಿಯ ಡಾಕ್ಟರರು ಬೇಸರಿಸದೆ ಸ್ಕೇಲ್ ಇಟ್ಟು ತೋರಿಸಿದರು. ಹದಿನೆಂಟು ಬಂತು. ಆ ರಾತ್ರಿ ನನಗೆ ನಿದ್ದೆ ಬಂದದ್ದು ಆ ಹದಿನೆಂಟರಿಂದ.

ಸ್ಟೀಲಾ, ಟೈಟಾನಿಯಮ್ಮಾ?

ಟೈಟಾನಿಯಂ ಹಗುರ. ಸ್ಟೀಲಿಗಿಂತ ಸುಮಾರು ಅರ್ಧದಷ್ಟು ಬಿಗಿ, ಹಾಗಾಗಿ ಎಲುಬಿನ ಸ್ವಭಾವಕ್ಕೆ ಹತ್ತಿರ. ಮುಂದೆ ಎಂಆರ್‌ಐ ಮಾಡಿಸಿದರೆ ಚಿತ್ರ ಕಮ್ಮಿ ಕೆಡುತ್ತದೆ. ಎಲುಬಿಗೆ ಹಾಕುವ 316ಎಲ್ ಸ್ಟೀಲೂ ಒಳ್ಳೆಯದೇ. ಎರಡಿದ್ದರೂ ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಬೇಕು. ಸರಿಯಾಗಿ ಕೂರಿಸಿದ ಸ್ಟೀಲು ತಪ್ಪಾಗಿ ಕೂರಿಸಿದ ಇಂಪೋರ್ಟೆಡ್ ಟೈಟಾನಿಯಮ್ಮಿಗಿಂತ ಸಾವಿರ ಪಾಲು ಮೇಲು. ಸಾಲ ಮಾಡಿ ಲೋಹ ಬದಲಿಸಬೇಡಿ. ಆ ದುಡ್ಡು ಆಮೇಲಿನ ಊಟ, ಔಷಧಿ, ನಡಿಗೆಗೆ ಬೇಕು.

ಆಪರೇಶನ್ನೇ ಬೇಡ ಅಂದರೆ?

ಆಯಿ ಬಿದ್ದದ್ದು ಜೇವರ್ಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ, ಬಚ್ಚಲ ಮುಂದಿನ ಶಹಾಬಾದ್ ಕಲ್ಲಿನ ಮೇಲೆ. ನೀರು ಬಿದ್ದ ಆ ಕಲ್ಲು ಎಷ್ಟು ಜಾರುತ್ತದೆ ಅಂತ ನಮಗೆಲ್ಲ ಗೊತ್ತು. ಬಲಗಾಲು ಗಿಡ್ಡಾಗಿ, ಪಾದ ಹೊರಕ್ಕೆ ತಿರುಗಿಕೊಂಡಿತ್ತು. ಟೊಂಕ ಮುರಿದ ಗುರುತು ಅದು. ಆದರೆ ಮನೆಯವರು ಎಲುಬು ಕಟ್ಟುವವರನ್ನು ಕರೆಸಿದರು. ಎಣ್ಣೆ ಹಚ್ಚಿ, ಬಿದಿರು ಕಡ್ಡಿ ಇಟ್ಟು ಪಟ್ಟಿ ಕಟ್ಟಿದರು. ಎರಡು ದಿನ ಹೋಯಿತು. ನನಗೆ ಫೋನ್ ಬಂದದ್ದು ಮೂರನೇ ದಿನ.

ಕೈ ಮುರಿದರೆ ಪಟ್ಟಿ ಕಟ್ಟಬಹುದು, ಟೊಂಕಕ್ಕೆ ಆಗೋದಿಲ್ಲ. ಮಾಂಸದ ಅಷ್ಟು ಆಳದಲ್ಲಿರುವ ಎಲುಬನ್ನು ಹೊರಗಿನ ಪಟ್ಟಿ ಹಿಡಿದಿಡಲಾರದು. ಕಾಲಿಗೆ ತೂಕ ಕಟ್ಟಿ ಎರಡು ಮೂರು ತಿಂಗಳು ಮಲಗಿಸೋದು ಹಿಂದಿನ ದಾರಿ. ಮಲಗಿದ ಮುದುಕರಿಗೆ ಬೆನ್ನು ಹುಣ್ಣು, ಎದೆಯಲ್ಲಿ ಕಫ, ಮೂತ್ರದ ಸೋಂಕು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟೋದು ಒಂದರ ಹಿಂದೊಂದು ಬರುತ್ತವೆ. ಜೀವ ಹೋಗೋದು ಮುರಿದ ಎಲುಬಿನಿಂದಲ್ಲ, ಮಲಗಿದ್ದರಿಂದ. ಆಪರೇಶನ್ ತಡೆದುಕೊಳ್ಳಲು ಆಗದಷ್ಟು ಹಾರ್ಟು, ಶ್ವಾಸಕೋಶ ಸೋತವರಿಗೆ, ಮೊದಲಿಂದಲೂ ಹಾಸಿಗೆ ಹಿಡಿದವರಿಗೆ ಮಾತ್ರ ಡಾಕ್ಟರರೇ ಬೇಡ ಅನ್ನಬಹುದು. "ವಯಸ್ಸಾಗ್ಯಾದ, ಯಾಕ ಕೊಯ್ಸೋದು" ಅನ್ನುವ ಮಾತು ಮನೆಯಲ್ಲಿ ಎದ್ದಾಗ ಇದನ್ನು ನೆನಪಿಸಿ. ವಯಸ್ಸಾದವರಿಗೇ ಈ ಆಪರೇಶನ್ ಜಾಸ್ತಿ ಬೇಕು.

ಎಲ್ಲಿ, ಎಷ್ಟು ಬೇಗ?

ಬಿದ್ದ ಒಂದೆರಡು ದಿನದೊಳಗೆ ಆಗಬೇಕು. ಭಾರತವೂ ಸೇರಿ 17 ದೇಶಗಳಲ್ಲಿ ನಡೆದು 2020ರಲ್ಲಿ ಹೊರಬಂದ ಅಧ್ಯಯನವೊಂದರಲ್ಲಿ ಮುರಿತ ಪತ್ತೆಯಾಗಿ ಸುಮಾರು ಆರು ಗಂಟೆಯಲ್ಲಿ ಆಪರೇಶನ್ ಆದವರನ್ನೂ ಸುಮಾರು ಇಪ್ಪತ್ನಾಲ್ಕು ಗಂಟೆಯಲ್ಲಿ ಆದವರನ್ನೂ ಹೋಲಿಸಿದರು. ಸಾವಿನ ಪ್ರಮಾಣದಲ್ಲಿ ಫರಕು ಕಾಣಲಿಲ್ಲ. ಬೇಗ ಆದವರು ಬೇಗ ಎದ್ದು ನಿಂತರು, ಅವರಲ್ಲಿ ಬುದ್ಧಿ ಗಲಿಬಿಲಿಯಾಗೋದೂ ಕಮ್ಮಿ ಇತ್ತು. ಅಂದರೆ ಗಂಟೆ ಲೆಕ್ಕದಲ್ಲಿ ಗಾಬರಿ ಬೇಡ, ಆದರೆ ದಿನಗಳನ್ನು ಕಳೆಯಬೇಡಿ. ಸಕ್ಕರೆ, ಬಿಪಿ ಹಿಡಿತಕ್ಕೆ ತರಲು ಒಂದು ದಿನ ಕೇಳಿದರೆ ಕೊಡಿ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲ ಮಾತಲ್ಲೇ ಹೇಳಿ.

ನಮ್ಮ ಕಡೆ ಏನಾದರೂ ಆದರೆ ಗಾಡಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ತಿರುಗುತ್ತದೆ. ಸಾದಾ ಟೊಂಕದ ಮುರಿತಕ್ಕೆ ಅದು ಬೇಕಿಲ್ಲ. ಕಲಬುರಗಿಯಲ್ಲಿ ಜಿಮ್ಸ್, ಬಸವೇಶ್ವರ ಆಸ್ಪತ್ರೆ, ಇಎಸ್‌ಐಸಿ ಇವೆ. ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಎಲ್ಲವೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳು. ಮುರಿದ ಕಾಲಿಟ್ಟುಕೊಂಡು ಇನ್ನೂರು ಕಿಲೋಮೀಟರ್ ಕುಲುಕಾಡುವ ಬದಲು ಮೊದಲು ಹತ್ತಿರದಲ್ಲಿ ಕೇಳಿ: ಸಿ-ಆರ್ಮ್ ಇದೆಯಾ, ರಾತ್ರಿ ಅರಿವಳಿಕೆ ಡಾಕ್ಟರರು ಸಿಗುತ್ತಾರಾ, ಬೇಕಾದರೆ ಐಸಿಯು ಇದೆಯಾ, ಈ ವಾರದಲ್ಲಿ ಇಂಥ ಎಷ್ಟು ಆಪರೇಶನ್ ಮಾಡಿದ್ದಾರೆ? ಸಾಗಿಸಲು 108ಕ್ಕೆ ಫೋನ್ ಮಾಡಿ. ಎರಡು ಕಾಲಿನ ನಡುವೆ ದಿಂಬಿಟ್ಟು ಸಡಿಲವಾಗಿ ಕಟ್ಟಿ. ಕಾಲು ಎಳೆದು ಸರಿ ಮಾಡಲು ಹೋಗಬೇಡಿ.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ 30 ಶೇಕಡಾ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ತನಕ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಈ ಸ್ಕೀಮಿನ ಕೆಲಸ ನೋಡಿಕೊಳ್ಳುವವರು) ಹುಡುಕಿ, ಆಧಾರ್ ಮತ್ತು ರೇಷನ್ ಕಾರ್ಡ್ ತೋರಿಸಿ, ರೆಫರಲ್ ಬೇಕಾ, ಇಂಪ್ಲಾಂಟಿನ ದುಡ್ಡು ಪ್ಯಾಕೇಜಿನ ಒಳಗೇ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಕಾಕಾನ ಮುಂದೆ ಆ ಮೂರು ರೇಟಿನ ಚೀಟಿ ತಳ್ಳಿದಾಗ ಈ ಮಾತು ಯಾರೂ ಎತ್ತಿರಲಿಲ್ಲ. ಸ್ಕೀಮ್ ಇದೆ ಅಂತ ನಾವೇ ಹೇಳಿದ ಮೇಲೆ ಚೀಟಿ ಹಿಂದೆ ಸರಿಯಿತು.

ಎದ್ದು ನಿಂತ ಮೇಲೆ

ಆಯಿಗೆ ಪಿಎಫ್‌ಎನ್‌ಎ ಹಾಕಿದರು. ಒಳಗಿನ ಉಬ್ಬು ಕಿತ್ತಿತ್ತು, ಪ್ಲೇಟಿನ ಮಾತೇ ಇರಲಿಲ್ಲ. ಮರುದಿನ ಹಾಸಿಗೆಯ ಅಂಚಿಗೆ ಕೂರಿಸಿದೆ. ಎರಡನೇ ದಿನ ವಾಕರ್ ಮುಂದಿಟ್ಟೆ. ಆಯಿ ಎರಡೂ ಕೈಯಲ್ಲಿ ಅದನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬೆರಳ ಗೆಣ್ಣುಗಳು ಬಿಳಿಚಿದವು. "ಕಾಲ ಊರ್ಲೇನೋ?" ಅಂದಳು. ಊರು ಆಯಿ ಅಂದೆ. ಮೊದಲು ಹೆಬ್ಬೆರಳು, ಆಮೇಲೆ ಹಿಮ್ಮಡಿ.

ಎಷ್ಟು ಭಾರ ಹಾಕಬಹುದು ಅನ್ನೋದು ಇಂಪ್ಲಾಂಟಿನ ಮೇಲೆ, ಮುರಿತದ ಮೇಲೆ ನಿಂತಿದೆ. ಬಾಲ್ ಬದಲಿಗೆ ಪೂರ್ತಿ ಭಾರ. ರಾಡ್ ಸರಿ ಕೂತಿದ್ದರೆ ತಡೆದುಕೊಳ್ಳುವಷ್ಟು ಭಾರ. ಹರೆಯದವರ ಕುತ್ತಿಗೆಯ ಸ್ಕ್ರೂಗೆ ಕೆಲವು ವಾರ ಕಾಲು ಸುಮ್ನೆ ತಾಗಿಸುವಷ್ಟೇ ಇರಬಹುದು. ಡಿಸ್ಚಾರ್ಜ್ ಆಗುವಾಗ ಇದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ವಾಕರಿನ ರಬ್ಬರ್ ಬುಡ ಸವೆದಿದ್ದರೆ ಮೊದಲು ಅದನ್ನು ಬದಲಿಸಿ, ಶಹಾಬಾದ್ ಕಲ್ಲಿನ ಮೇಲೆ ಅದು ಜಾರುತ್ತದೆ. ಬಚ್ಚಲ ಮುಂದೆ ಒಂದು ಒರಟು ಹಾಸು, ಗೋಡೆಗೆ ಹಿಡಿಕೆ, ರಾತ್ರಿ ಸಣ್ಣ ದೀಪ ಇರಲಿ. ಎಲುಬು ಗಟ್ಟಿಯಾಗಲು ಔಷಧಿ ಶುರು ಮಾಡಬೇಕಾ ಅಂತ ಡಾಕ್ಟರರನ್ನು ಕೇಳಿ. ಒಂದು ಟೊಂಕ ಮುರಿದವರಿಗೆ ಇನ್ನೊಂದು ಮುರಿಯುವ ಅಪಾಯ ಜಾಸ್ತಿ, ಆದರೂ ಈ ಔಷಧಿ ಬಹಳ ಮನೆಗಳಲ್ಲಿ ಮರೆತೇ ಹೋಗುತ್ತದೆ. ಮೀನಖಂಡ ಬಾತರೆ, ಉಸಿರು ಕಟ್ಟಿದರೆ, ಗಾಯ ಸೋರಿದರೆ, ತೊಡೆ ಸಂದಿನಲ್ಲಿ ಇದ್ದಕ್ಕಿದ್ದಂತೆ ಹೊಸ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇಂಪ್ಲಾಂಟಿನ ಡಬ್ಬಿಯ ಮೇಲೆ ಸಣ್ಣ ಸ್ಟಿಕ್ಕರ್ ಇರುತ್ತದೆ. ಕಂಪನಿ, ಸೈಜು, ಲಾಟ್ ನಂಬರ್ ಅದರಲ್ಲಿ ಬರೆದಿರುತ್ತದೆ. ಅದನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಲು ಕೇಳಿ. ಮುಂದೆ ಯಾವ ಊರಿನಲ್ಲಿ, ಯಾವ ಕಾರಣಕ್ಕೆ ಅದನ್ನು ತೆಗೆಯಬೇಕಾಗಿ ಬಂದರೂ ಸರಿಯಾದ ಸ್ಕ್ರೂಡ್ರೈವರ್ ತರಲು ಡಾಕ್ಟರರಿಗೆ ಆ ಸ್ಟಿಕ್ಕರೇ ಬೇಕು. ಆಯಿಯದು ಅವಳ ಟ್ರಂಕಿನಲ್ಲಿದೆ, ಇಳಕಲ್ ಸೀರೆಯ ಕೆಳಗೆ, ರೇಷನ್ ಕಾರ್ಡಿನ ಜೊತೆ.